ಮಾರ್ಚ್ ತಿಂಗಳ ಅಳತೆ

ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದ ಇಂಜಿಗುಲಳ ಮುಂದೆ ಕಾಲುವೆಯ ನೀರು ಹಂಚುವ ಮುದುಕ ತೊರೆಮುರಾತನೂ ಗಾಜು, ಸಾಬೂನಿಗೆ ಬೇಕಾದ ಸೋಡಾ ತಯಾರಿಸುವ ಕಾರ್ಖಾನೆಯ ತರುಣನೊಬ್ಬನೂ ಮಾತಿಗೆ ತೊಡಗಿದ್ದರು.

“ಒಂದು ಸಹಿ ಹಾಕಿ ಅಗಾ,” ಎಂದು ತರುಣ ಹಿರಿಯಣ್ಣನನ್ನು ಕರೆವಂತೆ ಕರೆದು ಕಾಗದವೊಂದನ್ನು ಚಾಚಿದ. “ಕಾರ್ಖಾನೆಗೆ ಎರಡನೇ ಕೊಳವೆ ಹಾಕಿದ್ರೂ ಕಾಲುವೆ ಬತ್ತಲ್ಲ ಅಂತ ಅಳತೇನೇ ಹೇಳ್ತಿದೆ.”

“ಯಾವಾಗ ಅಳೆದ್ರಿ?”

“ಮಾರ್ಚಲ್ಲಿ.”

“ಹೊಲದ ಉಪ್ಪು ತೊಳೆಯೋಕೆ ನೀರು ಬಿಡೋ ವಾರಾನೇ ಸಿಕ್ತಾ? ಆಗ ಕಾಲುವೆ ತುಂಬಿ ಹರಿಯುತ್ತೆ, ನನ್ನ ಕತ್ತೇನೂ ಇಳಿಯೋಕೆ ಹೆದರುತ್ತೆ. ಜುಲೈನಲ್ಲಿ ಯಾಕೆ ಬರಲಿಲ್ಲ?”

“ಜುಲೈನಲ್ಲಿ ಸೆಖೆ, ಅಗಾ.”

“ನಿಮ್ಮ ಯಂತ್ರ ತಣ್ಣಗಾಗೋಕೆ ಎರಡು ಪಟ್ಟು ನೀರು ಕುಡಿಯೋದೂ ಆ ಸೆಖೆಗೇ ಅಲ್ವೇನೋ?”

ತರುಣ ನಕ್ಕ. “ಹೊಸ ಘಟಕದಲ್ಲಿ ನಿಮ್ಮ ಅಳಿಯನಿಗೆ ಕೆಲಸ ಇಟ್ಟಿದ್ದೀವಿ.”

“ನಾನು ಕೇಳಿದ್ನಾ?”

“ನಿಮ್ಮ ಮಗಳು ಕೇಳಿದ್ಲು.”

ಮುದುಕ ಕಾಗದ ಕೈಗೆ ತೆಗೆದುಕೊಂಡ. ಇಂಜಿಗುಲಳ ಹೊಲ ಆ ಕಾಲುವೆಯ ಕಟ್ಟಕಡೆಯದು. ಹೋದ ಜುಲೈನಲ್ಲಿ ಅಲ್ಲಿಗೆ ನೀರು ಬಂದದ್ದು ಒಂದೇ ದಿನ. ಅವಳು ಒಂದು ಹೆಜ್ಜೆ ಮುಂದೆ ಸರಿದಳು.

“ಪೆನ್ನು ಕೊಡು,” ಎಂದ ಮುದುಕ. “ಉಪ್ಪು ತೊಳೆಯೋ ವಾರದ ಅಳತೆ ಅಂತ ಮೇಲೆ ಬರೆದು ಸಹಿ ಹಾಕ್ತೀನಿ.”

“ಹಾಗೆ ಬರೆದ್ರೆ ಕಾಗದ ಕೆಲಸಕ್ಕೆ ಬರಲ್ಲ.”

“ನಿಜ ಬರೆದ್ರೆ ಕೆಡೋ ಕಾಗದ ಎಂಥದ್ದೋ ಅದು?”

ಬಸ್ಸು ಬಂತು. ತರುಣ ಕಾಗದವನ್ನು ಮಡಚಿ ಜೇಬಿಗಿಟ್ಟ. ಆದರೆ ಮುದುಕನ ಚೀಲವನ್ನು ತಾನೇ ಹೊತ್ತು ಹತ್ತಿದವನು, ಬಸ್ಸೆಲ್ಲ ಖಾಲಿಯಿದ್ದರೂ, ಅವನ ಪಕ್ಕದಲ್ಲೇ ಒತ್ತಿಕೊಂಡು ಕುಳಿತ.