ಏಳೆಂಟ್ಲ ಐವತ್ತಾರು

ಇಲ್ಲ ಮೇಷ್ಟ್ರೇ, ಕೂರೋದಿಲ್ಲ. ಹೋಗೋ ದಾರೀಲಿ ಒಂದು ಮಾತು ಕೇಳೋಣ ಅಂತ ಬಂದೆ, ಅಷ್ಟೆ... ಒಳಗೆ ಟ್ಯೂಷನ್ ಮಕ್ಕಳ ಮಗ್ಗಿ ಜೋರಾಗೇ ನಡೀತಿದೆ. ಸೂರು ಹಾರಿಹೋಗದಿದ್ದರೆ ಸಾಕು.

ಯಾಕೆ ನಗ್ತೀರಿ? ಹೌದು, ನಾನೇ. ನೀವು ರಿಟೈರಾದ ಮಾರನೇ ದಿನವೇ ನಿಮ್ಮ ಕ್ಲಾಸಿನ ಗೋಡೆಯಿಂದ ಮಗ್ಗಿ ಚಾರ್ಟು ಇಳಿಸಿದವಳು ನಾನೇ. ಈಗಲೂ ಹೇಳ್ತೀನಿ, ಅದು ಗಿಳಿಪಾಠ. ಗಿಳಿಗಾದರೂ ರೆಕ್ಕೆ ಇರುತ್ತೆ. ನಿಮ್ಮ ಶಿಷ್ಯರು ಏಳೆಂಟ್ಲ ಅನ್ನೋದರೊಳಗೆ ಐವತ್ತಾರು ಅಂತಾರೆ. ಏಳು ಸಾಲು, ಸಾಲಿಗೆ ಎಂಟು ಕುರ್ಚಿ, ಒಟ್ಟು ಎಷ್ಟಪ್ಪಾ ಅಂದರೆ... 'ಮಿಸ್, ಕೂಡಿಸೋದಾ, ಗುಣಿಸೋದಾ?' ಈಗ ನಗಿ, ನೋಡೋಣ.

ನನ್ನ ಕ್ಲಾಸಲ್ಲಿ ಆ ಬಾಯಿಪಾಠ ಇಲ್ಲ. ಚುಕ್ಕಿ ಇಟ್ಟು, ಸಾಲು ಮಾಡಿ, ಗುಣಿಸೋದು ಅಂದರೇನು ಅಂತ ತಿಳ್ಕೋತಾರೆ.

ಬಂದ ಕೆಲಸವಾ? ಅದು... ನಮ್ಮ ಪಕ್ಕದ ಮನೆ ಹುಡುಗಿ. ಅರ್ಥ ಎಲ್ಲಾ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೇಲಿ ಏಳೆಂಟ್ಲ ಎಷ್ಟು ಅಂತ ಬಾಯಿಗೆ ಬರದೆ ಚುಕ್ಕಿ ಇಟ್ಟಳಂತೆ. ಮುಂದಿನ ಲೆಕ್ಕಕ್ಕೂ ಚುಕ್ಕಿ. ಗಂಟೆ ಹೊಡೆಯೋ ಹೊತ್ತಿಗೆ ಹಾಳೆ ತುಂಬ ನಕ್ಷತ್ರ... ಮೂರನೇ ಲೆಕ್ಕವೂ ಮುಗಿದಿಲ್ಲ. ಮುಂದಿನ ತಿಂಗಳು ಮರುಪರೀಕ್ಷೆ. ಅದೂ ಹೋದರೆ ಮತ್ತೆ ಅದೇ ಬೆಂಚು.

ಗಣಿತ ಯಾರು ಹೇಳಿಕೊಡೋದು ಅಂತಲಾ? ...ಯಾರಾದರೇನು ಬಿಡಿ.

ಒಂದಿಷ್ಟು ಮಗ್ಗಿ ಉರು ಹೊಡೆಸಿ, ಸಾಕು. ಸ್ಕೂಲಲ್ಲಿ ಮಾತ್ರ ಗೊತ್ತಾಗಬಾರದು. ಅವರಮ್ಮ ಮಾನಕ್ಕೆ ಅಂಜೋ ಹೆಂಗಸು. ಪಾಪ, ಮಗು ಹೊದಿಕೆಯೊಳಗೆ ಮುಖ ಮುಚ್ಕೊಂಡು ಅಳುತ್ತೆ ಮೇಷ್ಟ್ರೇ, ಬೆನ್ನು ಸವರಿದರೂ ನಿಲ್ಸಲ್ಲ... ಅಂದರೆ, ನಡುವೆ ಒಂದೇ ಗೋಡೆ ನೋಡಿ. ಕೇಳಿಸುತ್ತೆ.

ಈಗ ಯಾಕೆ ನಗೋಲ್ಲ? ಇಷ್ಟೊತ್ತು ನಗ್ತಿದ್ದಿರಲ್ಲ.

ಗೇಟಿನ ಕಡೆ ಏನು ನೋಡ್ತೀರಿ? ಯಾರೋ ನಿಂತಿರ್ತಾರೆ, ಬೀದಿ ಅಂದಮೇಲೆ... ಏನಂದಿರಿ, ಒಳಗಿನ ಮಕ್ಕಳ ಜೊತೆ ಅವಳೂ ತುಟಿ ಆಡಿಸ್ತಿದ್ದಾಳಾ?

ಹಾಗೆ ನನ್ನೇ ನೋಡಬೇಡಿ ಮೇಷ್ಟ್ರೇ.

...ಬಾ ಪುಟ್ಟಿ. ಅಮ್ಮನೇ ಕರೀತಿರೋದು, ಒಳಗೆ ಬಾ.

ಆ ಕುರ್ಚಿ ಸ್ವಲ್ಪ ಈಚೆ ಎಳೀತೀರಾ? ಕೂರ್ತೀನಿ.