ಬುದ್ಧನ ಗುಡಿಯ ತೆಂಗಿನಕಾಯಿ

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿಯ ಗಂಡನ ಮನೆಗೆ ಹೊರಟ ತಂಗಿ, ಕಳಿಸಲು ಬಂದ ಅಕ್ಕ ನನ್ನ ಪಕ್ಕ ಕೂತಿದ್ದರು.

“ಭಾನುವಾರ ಮನೆಯವ್ರೆಲ್ಲಾ ಬೈಲಕುಪ್ಪೆ ಬುದ್ಧನ ಗುಡಿಗೆ ಹೋಗಿದ್ರು ಕಣಕ್ಕ. ಸುಮೋದಲ್ಲಿ ಜಾಗ ಇಲ್ಲ ಅಂತ ನನ್ನ ಬುಟ್ಟೋದ್ರು.”

“ನಿನ್ನ ಗಂಡ?”

“ಅವ್ರೂ ಹೋಗಿದ್ರು. ವಾಪಸ್ ಬಂದಾಗ ಅತ್ತೆ ಚೀಲದಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇತ್ತು. ಗುಡಿ ಪ್ರಸಾದ ಅಂದ್ರು.”

“ಒಡೆದ ಕಾಯಾ?”

“ಇಲ್ಲ, ಇಡೀ ಕಾಯಿ.”

“ನಾನೂ ಅಲ್ಲಿಗೆ ಹೋಗಿದೀನಿ ವನಜಾ. ಅಲ್ಲಿ ಕಾಯಿ, ಎಲೆ ಅಡಿಕೆ ಏನೂ ಕೊಡಲ್ಲ. ಅದು ಯಾರದೋ ಮನೇಲಿ ಕೊಟ್ಟಿರೋ ತಾಂಬೂಲ ಕಣೇ.”

ತಂಗಿ ಬಸ್ ಬರುವ ಕಡೆ ನೋಡಿದಳು; ಅಕ್ಕನೇ ಮತ್ತೆ ಕೇಳಿದಳು.

“ಮಕ್ಕಳಾಗ್ಲಿಲ್ಲ ಅಂತ ನಿಮ್ಮತ್ತೆ ಈಗ್ಲೂ ಗೊಣಗ್ತಾರಾ?”

“ಒಂದು ತಿಂಗ್ಳಿಂದ ನಿಲ್ಸವ್ರೆ.”

“ನಿನ್ನ ಗಂಡ ಏನು ಹಾಕ್ಕೊಂಡು ಹೋಗಿದ್ದ?”

“ನಮ್ಮ ಮದ್ವೇಲಿ ಅಪ್ಪ ಕೊಡ್ಸಿದ್ದ ರೇಷ್ಮೆ ಪಂಚೆ.”

ಗುಬ್ಬಿ ಬಸ್ ಬಂತು. ಕಳಿಸಲು ಬಂದಿದ್ದ ಅಕ್ಕ ತಂಗಿಗಿಂತ ಮೊದಲು ಹತ್ತಿದಳು.