ಹಸರ ಬಟನ್ ಒತ್ರಿ, ಕಾಕಾ

...ಅಯ್ಯ, ಇರ್ಲಿ ಬಿಡ್ರಿ ಕಾಕಾ! ಡ್ರಿಲ್ಲಿನ ಮಷೀನಿನ ಬಾಗಲ ಹಾಕೂದು ಬ್ಯಾಡ. ಪುಣೆದಾಗ ನೀವೇ ಅಂತಿದ್ರಲ್ಲ, "ಶಾಲೂ, ಬಾಗಲ ಹಾಕೂದು ತಗಿಯೂದು ಮಾಡ್ಕೋತ ಕುಂತ್ರ ಮಾಲ ಯಾವಾಗ ಹೊರಬೀಳ್ತದ?" ಅಂತ. ಯಾಕ ನಗ್ತೀರಿ? ನೆನಪಾತೇನು!

ಚಾ ಕುಡೀರಿ. ಈ ಬೀದರ ಕಾರಖಾನಿಗಿ ನಿಮ್ಮನ್ನ ತಗೊಳ್ಳೂದೋ ಬಿಡೂದೋ, ಮಾಲಕ ಬದ್ರುದ್ದೀನ ಸಾಹೇಬ್ರು ನನ್ನ ಮ್ಯಾಲ ಬಿಟ್ಟಾರ. "ಮಷೀನಿಗಿ ಪ್ರೋಗ್ರಾಮ್ ಬರಿಯಾಕಿ ನೀ, ಪರೀಕ್ಷಾ ನೀನೇ ಮಾಡು" ಅಂದ್ರು. ಹೆದರಬ್ಯಾಡ್ರಿ! ನೀವು ಭಾತಂಬ್ರಾದ ಕಾಶೀರಾಮ ಕಾಕಾ, ನಾ ಏಕಂಬಾದಾಕಿ, ಒಂದೇ ಸೀಮಿಯವ್ರು. ಆ ಬರಗಾಲದಾಗ ಕುರಿ ಮಾರಿ ಊರ ಬಿಟ್ಟು ಬಂದಾಗ, ನನಗ, ನನ್ನ ತಮ್ಮ ಪಂಢರಿಗಿ ಪುಣೆದಾಗ ಕೆಲಸಕ್ಕ ಹಚ್ಚಿದ ಫೋರ್‌ಮನ್ ನೀವೇ ಅಲ್ಲೇನ್ರಿ?

ಹ್ಞಾಂ? ಪಂಢರಿ ಹ್ಯಾಂಗಿದ್ದಾನ ಅಂತ ಕೇಳ್ತೀರಿ? ಔರಾದದಾಗ ಇದ್ದಾನ್ರಿ. ಒಂದ ಕಣ್ಣಿಲೆ ನೋಡ್ತಾನ... ನನ್ನ ಮಾತ್ರ ನೋಡೂದಿಲ್ಲ. ರಾಖಿ ಕಟ್ಟಾಕ ಹೋದ್ರ ಬೆನ್ನ ತಿರುವ್ತಾನ. ಅಕ್ಕ ಬರದ ಪ್ರೋಗ್ರಾಮಿಲೇ ಕಣ್ಣ ಹೋಯ್ತು ಅಂತ ಅವನ ತಲ್ಯಾಗ ಕುಂತದ.

ಆವತ್ತ ಡ್ರಿಲ್ಲು ಒಂದ ತೂತ ಹೊಡದು ಪೂರಾ ಮ್ಯಾಲ ಏಳಲೇ ಇಲ್ಲ. ಅಡ್ಡ ಓಡಿ ಪ್ಲೇಟ ಹಿಡದ ಕ್ಲ್ಯಾಂಪಿಗಿ ಬಡೀತು, ಮುರೀತು, ಮುರದ ತುಂಡ ತೆರದ ಬಾಗಲದಾಗಿಂದ ಸೀದಾ ಅವನ ಮಾರಿಗಿ... ಪುಣೆದ ಮಾಲಕ ಕೇಳಿದಾಗ ನೀವೇನಂದ್ರಿ? "ನನಗ ಪ್ರೋಗ್ರಾಮಿನಾಗಿಂದು ಒಂದ ಅಕ್ಷರ ತಿಳೀದು ಸಾಹೇಬ್ರ, ನಾ ಯಾಕ ಕೈ ಹಚ್ಚಲಿ? ಈ ಹುಡುಗೀನೇ ತಪ್ಪ ಬರದಾಳ." ಅಂದ್ರಿಲ್ಲೋ? ನಾ ಸರಿ ಬರದೀನಿ ಅಂತ ಅತ್ತೆ, ಹೊಯ್ಕೊಂಡೆ. ಯಾರು ಕೇಳ್ತಾರ!

ಇರ್ಲಿ... ಆಗೂದು ಆಗಿ ಹೋಯ್ತು. ಈಗ ಬರ್ರಿ, ಹಿಂಗ ಮುಂದ ನಿಂದ್ರಿ. ಪ್ಲೇಟ ಬಿಗದೀನಿ, ನಡಕ ಕ್ಲ್ಯಾಂಪ ಅದ. ಪ್ರೋಗ್ರಾಮ್ ನಿನ್ನೆ ಓಡಿಸಿದ್ದೇ, ಎಷ್ಟೋ ಪ್ಲೇಟ ಹೊಡದದ. ನಿಮಗ ಓದಾಕ ಬರೂದಿಲ್ಲಲ್ಲ, ಬರೇ ಹಸರ ಬಟನ್ ಒತ್ರಿ, ನೌಕರಿ ಪಕ್ಕಾ.

ಒತ್ರಿ.

ಯಾಕ? ಬೆರಳ ಯಾಕ ಹಿಂದ ತಗದ್ರಿ? ಸ್ಕ್ರೀನಿನ ಮ್ಯಾಲ ಏನ ನೋಡ್ತೀರಿ... ಆ ಒಂದ ಸಾಲ? ಒಂದ ಅಕ್ಷರ ತಿಳೀದವರ ಕಣ್ಣ ಸೀದಾ ಅಲ್ಲಿಗೇ ಹ್ಯಾಂಗ ಹೋಯ್ತು, ಕಾಕಾ? ಆ ಸಾಲಿನಾಗ ತೊಂಬತ್ತೆಂಟ ಇದ್ರ ಡ್ರಿಲ್ಲು ಪೂರಾ ಏಳ್ತದ. ತೊಂಬತ್ತೊಂಬತ್ತ ಇದ್ರ ಜರಾ ಎದ್ದು ಅಡ್ಡ ಓಡ್ತದ, ಟೈಮ ಉಳೀತದ... ಹೌದಲ್ಲೋ? ಓದಾಕ ಬರ್ತದ! ಆವತ್ತೂ ಬರ್ತಿತ್ತು!

ನಾ ಬರದ ತೊಂಬತ್ತೆಂಟ ತಿದ್ದಿ ತೊಂಬತ್ತೊಂಬತ್ತ ಮಾಡಿದವ್ರು ನೀವೇ! "ಇಲ್ಲ" ಅನ್ರಿ!

...ಈಗ ನನ್ನ ಕೈ ಯಾಕ ನೋಡ್ತೀರಿ? ಹ್ಞೂಂ, ಇವತ್ತ ಮುಂಜಾನಿ ಆ ಅಂಕಿ ನಾನೇ ತಿದ್ದೀನಿ. ಅದಲ್ಲ? ಮತ್ತೇನು... ನೀವು ಒತ್ತಿದ್ರ, ಮಷೀನ ನಿಲ್ಸೂ ಕೆಂಪ ಬಟನ್ ಮ್ಯಾಲ ನನ್ನ ಕೈ ಇತ್ತೋ ಇಲ್ಲೋ, ಅದ ನೋಡ್ತೀರೇನು?

ನೋಡ್ರಿ, ಛಲೋ ಮಾಡಿ ನೋಡ್ರಿ. ನೀವು ಒತ್ತಾಕ ಬಂದಾಗಿಂದ ಎರಡೂ ಕೈ ಬಗಲಾಗೇ ಅದಾವ.